ಫ್ಯಾಂಟಸಿ, ಸೈನ್ಸ್ ಫಿಕ್ಷನ್, ಹಾರರ್ ಆಡಿಯೊಬುಕ್‌ಗಳಲ್ಲಿ ಯಾವುದರಿಂದ ಶುರು ಮಾಡಲಿ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ದಿನಕ್ಕೆ ಮೂರು ಗಂಟೆ ಓಡಾಟದಲ್ಲೇ ಕಳೆಯುತ್ತದೆ, ಇಂಗ್ಲಿಷಿನ ಫ್ಯಾಂಟಸಿ, ಸೈನ್ಸ್ ಫಿಕ್ಷನ್, ಹಾರರ್ ಕಾದಂಬರಿಗಳು ಇಷ್ಟ, ಆದರೆ ಒಂದು ದಪ್ಪ ಫ್ಯಾಂಟಸಿಯ ಆಡಿಯೊಬುಕ್ ಹಾಕಿಕೊಂಡು ಗಂಟೆಯೊಳಗೆ ಯಾರು ಯಾರ ಮಗ ಎಂದು ತಿಳಿಯದೆ ಕೈಬಿಟ್ಟಿರಿ. ಯಾವುದರಿಂದ ಶುರು ಮಾಡಬೇಕು, ಕೇಳಿದ್ದು ಓದಿದ ಲೆಕ್ಕಕ್ಕೆ ಬರುತ್ತದೆಯೆ ಎಂದು ಕೇಳಿದ್ದೀರಿ.

ಮೊದಲನೆಯದಕ್ಕೆ ಸುತ್ತುಬಳಸಿಲ್ಲದ ಉತ್ತರ: ಸುಸಾನಾ ಕ್ಲಾರ್ಕ್ ಬರೆದ 'ಪಿರನೇಸಿ', ನಟ ಚಿವೆಟೆಲ್ ಎಜಿಯೊಫೋರ್ ಓದಿದ್ದು. ಸುಮಾರು ಏಳು ಗಂಟೆ. ಮೂರು ದಿನದ ಓಡಾಟದಲ್ಲಿ ಮುಗಿಯುತ್ತದೆ. ಕೊನೆಯೇ ಇಲ್ಲದ ಹಜಾರಗಳ ಒಂದು ಮನೆ, ಗೋಡೆಯುದ್ದಕ್ಕೂ ಕಲ್ಲಿನ ವಿಗ್ರಹಗಳು, ಕೆಳಗಿನ ಅಂತಸ್ತಿನಲ್ಲಿ ಸಮುದ್ರದ ಉಬ್ಬರವಿಳಿತ, ಅಲ್ಲಿ ದಿನಚರಿ ಬರೆಯುತ್ತ ಬದುಕುವ ಒಬ್ಬ ಮನುಷ್ಯ. ಹೆಸರುಗಳು ಬೆರಳೆಣಿಕೆಯಷ್ಟು. ದಿನಚರಿಯಾದ್ದರಿಂದ ಹೇಳುವವನು ಒಬ್ಬನೇ, ಹಾಗಾಗಿ ಓದುವವನೂ ಒಬ್ಬನೇ ಇದ್ದರೆ ಏನೂ ಕೊರತೆಯಾಗುವುದಿಲ್ಲ. ಎಜಿಯೊಫೋರ್ ದನಿಯಲ್ಲಿ ಆ ಮನುಷ್ಯನ ಮುಗ್ಧತೆ ಎಷ್ಟು ನಿಜವಾಗಿ ಕೇಳುತ್ತದೆಂದರೆ, ಅವನಿಗಿಂತ ಮೊದಲೇ ನಮಗೆ ಸಂಗತಿ ಹೊಳೆಯುವಾಗ ಒಂದು ಬಗೆಯ ಸಂಕಟವಾಗುತ್ತದೆ. ಆಡಿಯೊಬುಕ್‌ಗಳಿಗೆಂದೇ ಕೊಡುವ ಆಡಿ ಪ್ರಶಸ್ತಿಗಳಲ್ಲಿ 2021ರಲ್ಲಿ ಇದೇ ವರ್ಷದ ಆಡಿಯೊಬುಕ್ ಎನಿಸಿಕೊಂಡಿತು. ಪ್ರಶಸ್ತಿ ನೋಡಿ ಪುಸ್ತಕ ಆರಿಸುವವನು ನಾನಲ್ಲ, ಆದರೆ ಈ ಒಂದು ಸಲ ಅವರೂ ನಾನೂ ಒಂದೇ ಕಡೆ ಇದ್ದೆವು.

ಈಗ ನೀವು ಸೋತದ್ದೇಕೆ ಎಂಬ ವಿಷಯ. ನಾನು ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ಹೋಗಿಬರುವವನು. 2023ರ ಅಕ್ಟೋಬರಿನಲ್ಲಿ ನೇರ ಮೆಟ್ರೊ ಆಗುವ ಮೊದಲು ಇದೇ ದಾರಿಯನ್ನು ಬಸ್ಸುಗಳಲ್ಲಿ ಸವೆಸಿದ್ದೇನೆ. ಅಷ್ಟೂ ವರ್ಷ ಕಿವಿಯಲ್ಲಿ ಯಾರೋ ಕಥೆ ಹೇಳುತ್ತಲೇ ಇದ್ದರು. ಇದರಿಂದ ನನಗೆ ತಿಳಿದದ್ದು ಒಂದೇ. ಕಣ್ಣಿಗೆ ಹಿಂದಿನ ಪುಟಕ್ಕೆ ಹೋಗುವ, ಬೇಡದ್ದನ್ನು ಹಾರಿಸುವ, ಒಂದು ಸಾಲಿನ ಮೇಲೆ ನಿಂತುಬಿಡುವ ಸ್ವಾತಂತ್ರ್ಯವಿದೆ. ಕಿವಿಗೆ ಅದಿಲ್ಲ. ಈ ಕೊರತೆ ಫ್ಯಾಂಟಸಿಗೆ ದೊಡ್ಡ ನಷ್ಟ, ಸೈನ್ಸ್ ಫಿಕ್ಷನ್ನಿಗೆ ಅರ್ಧ ನಷ್ಟ, ಹಾರರ್‌ಗೆ ಶುದ್ಧ ಲಾಭ. ಆದ್ದರಿಂದ ನೀವು ಅತ್ಯಂತ ಕಷ್ಟದ ಕಡೆಯಿಂದ ಬೆಟ್ಟ ಹತ್ತಲು ಹೊರಟಿರಿ, ಅಷ್ಟೇ.

ದಪ್ಪ ಫ್ಯಾಂಟಸಿ ಪುಸ್ತಕದ ಮೊದಲ ಪುಟದಲ್ಲಿ ನಕ್ಷೆ, ಕೊನೆಯಲ್ಲಿ ವಂಶಾವಳಿ ಇರುತ್ತದೆ. ಓದುವಾಗ ಎಷ್ಟು ಸಲ ಬೆರಳಿಟ್ಟುಕೊಂಡು ಅಲ್ಲಿಗೆ ಹೋಗಿಬರುತ್ತೇವೆ ಎಂಬುದು ಅದು ಇಲ್ಲದಾಗಲೇ ಗೊತ್ತಾಗುವುದು. ಒಂದೇ ಅಕ್ಷರದಿಂದ ಶುರುವಾಗುವ ನಾಲ್ಕು ಹೆಸರುಗಳನ್ನು ಕಣ್ಣು ಆಕಾರದಿಂದ ಗುರುತಿಸುತ್ತದೆ. ಕಿವಿಗೆ ನಾಲ್ಕೂ ಒಂದೇ ಮನೆಯ ಮಕ್ಕಳು. ಇಲ್ಲಿ ದನಿ ಕೊಟ್ಟು ಓದುವವರ ಮೇಲೆ ಬೀಳುವ ಭಾರ ಸಣ್ಣದಲ್ಲ. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ 'ಎ ಗೇಮ್ ಆಫ್ ಥ್ರೋನ್ಸ್' ಓದಿದ ಬ್ರಿಟಿಷ್ ನಟ ರಾಯ್ ಡೊಟ್ರಿಸ್ ಆ ಒಂದೇ ಪುಸ್ತಕದಲ್ಲಿ 224 ಪಾತ್ರಗಳಿಗೆ ದನಿ ಕೊಟ್ಟು ಗಿನ್ನೆಸ್ ದಾಖಲೆ ಸೇರಿದರು. 1923ರಲ್ಲಿ ಹುಟ್ಟಿದವರು, ಅದನ್ನು ಓದಿದ್ದು ಎಂಬತ್ತರ ಹೊಸ್ತಿಲಿನಲ್ಲಿ. ಒರಟು ಸೈನಿಕರು, ಹಲ್ಲುದುರಿದ ಮುದುಕಿಯರು, ಕುತಂತ್ರಿ ಮಂತ್ರಿಗಳೆಲ್ಲ ಅವರ ಗಂಟಲಿನಿಂದ ಒಬ್ಬೊಬ್ಬರಾಗಿ ಇಳಿದುಬರುತ್ತಾರೆ. ಆದರೆ 2011ರ ಐದನೆಯ ಪುಸ್ತಕಕ್ಕೆ ಬರುವಾಗ ಹದಿಹರೆಯದ ರಾಣಿ ಡನೇರಿಸ್ ದನಿ ಯಾರದೋ ಅಜ್ಜಿಯ ದನಿಯಂತಾಗಿದೆ, ಕೆಲವು ಹೆಸರುಗಳ ಉಚ್ಚಾರವೂ ಬದಲಾಗಿದೆ. ಅಭಿಮಾನಿಗಳು ಇದಕ್ಕೆ ಅವರನ್ನು ಬೈಯುತ್ತಾರೆ. ನಾನು ಬೈಯುವುದಿಲ್ಲ. ನಮ್ಮ ಮನೆಗಳಲ್ಲಿ ಕಥೆ ಹೇಳುತ್ತಿದ್ದ ಹಿರಿಯರೂ ಹತ್ತು ವರ್ಷದ ನಂತರ ಅದೇ ರಾಕ್ಷಸನಿಗೆ ಬೇರೆ ದನಿ ಕೊಡುತ್ತಿದ್ದರು. ಆದರೆ ಮೊದಲ ಸಲ ಈ ಲೋಕಕ್ಕೆ ಹೋಗುವವರು ಇದನ್ನು ಕೇಳಲು ಕೂರಬಾರದು. ಫ್ಯಾಂಟಸಿಯ ಮಹಾಗ್ರಂಥಗಳ ಬಗ್ಗೆ ನನ್ನ ನಿಲುವು ಇದು: ಒಮ್ಮೆ ಕಣ್ಣಿನಿಂದ ಓದಿ, ಎರಡನೆಯ ಸಲ ಕೇಳಿ.

ಎರಡನೆಯ ಸಲ ಕೇಳಿದಾಗ ಸಿಗುವ ಬೋನಸ್ ಕೂಡ ಇದೆ. 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಓದುವಾಗ ನಡುನಡುವೆ ಬರುವ ಹಾಡುಗಳನ್ನು ನಾನು ನಾಚಿಕೆಯಿಲ್ಲದೆ ಹಾರಿಸಿದ್ದೆ. 1990ರ ರಾಬ್ ಇಂಗ್ಲಿಸ್ ಆವೃತ್ತಿಯಲ್ಲಿ ಹಾರಿಸುವಂತಿಲ್ಲ. ಅವರು ಅವನ್ನು ಹಾಡಿಯೇಬಿಡುತ್ತಾರೆ. ಆ ಹಾಡುಗಳಿಲ್ಲದೆ ಆ ಲೋಕಕ್ಕೆ ಹಿಂದಿನ ಕಾಲವೇ ಇರುವುದಿಲ್ಲ ಎಂದು ಆಗ ತಿಳಿಯಿತು. ಸಿನಿಮಾದಲ್ಲಿ ಗೊಲ್ಲಮ್ ಆಗಿದ್ದ ಆಂಡಿ ಸರ್ಕಿಸ್ 2021ರಲ್ಲಿ ಮಾಡಿದ ಆವೃತ್ತಿ ಹೆಚ್ಚು ಜನಪ್ರಿಯ. ಅದು ನಟನೆ, ಇಂಗ್ಲಿಸ್ ಅವರದು ಕಥೆ ಹೇಳುವುದು. ನಿದ್ದೆಗೆ ಮುಂಚೆ ಇಂಗ್ಲಿಸ್, ಗದ್ದಲದ ರೈಲಿನಲ್ಲಿ ಸರ್ಕಿಸ್.

ಟೆರಿ ಪ್ರಾಟ್ಚೆಟ್ ಅವರ 'ಡಿಸ್ಕ್‌ವರ್ಲ್ಡ್' ಬಗ್ಗೆಯೂ ಒಂದು ಮಾತು. ಅದರಲ್ಲಿ ಅರ್ಧ ನಗು ಅಡಿಟಿಪ್ಪಣಿಗಳಲ್ಲಿದೆ. ಅಡಿಟಿಪ್ಪಣಿಯನ್ನು ಕಿವಿಗೆ ಹೇಗೆ ತೋರಿಸುವುದು? 2022ರಿಂದ ಬಂದ ಹೊಸ ಧ್ವನಿಮುದ್ರಣಗಳಲ್ಲಿ ಅದಕ್ಕೆಂದೇ ನಟ ಬಿಲ್ ನೈ ಅವರನ್ನು ಇಟ್ಟಿದ್ದಾರೆ. ಕಥೆ ನಡೆಯುತ್ತಿರುವಾಗ ಪಕ್ಕದ ಸೀಟಿನವನು ಬಗ್ಗಿ ಕಿವಿಯಲ್ಲಿ ಚುಚ್ಚುಮಾತು ಹೇಳಿದಂತೆ ಅವರು ಬಂದುಹೋಗುತ್ತಾರೆ. ಮುದ್ರಣದ ಒಂದು ಉಪಾಯಕ್ಕೆ ದನಿಯಲ್ಲಿ ಇಷ್ಟು ಚೆಂದದ ಬದಲಿ ನಾನು ಬೇರೆಲ್ಲೂ ಕೇಳಿಲ್ಲ.

ಸೈನ್ಸ್ ಫಿಕ್ಷನ್ನಿನ ತೊಂದರೆ ಲೆಕ್ಕ. ಇಂಧನ ಎಷ್ಟು, ಆಲೂಗಡ್ಡೆ ಎಷ್ಟು ದಿನಕ್ಕೆ ಸಾಕು ಎಂದು ಪುಟಗಟ್ಟಲೆ ಕೂಡಿಸಿ ಕಳೆಯುವಾಗ ಕಿವಿಯಲ್ಲಿ ಅಂಕಿ ನಿಲ್ಲುವುದಿಲ್ಲ. ಆದರೂ ಆಂಡಿ ವೀರ್ ಅವರ 'ದಿ ಮಾರ್ಷಿಯನ್' ಕೇಳಲು ಸೊಗಸು, ಏಕೆಂದರೆ ಅದು ಒಬ್ಬಂಟಿ ಗಗನಯಾತ್ರಿ ತನ್ನಷ್ಟಕ್ಕೆ ದಾಖಲಿಸುತ್ತ ಹೋಗುವ ಮಾತು. ಲೆಕ್ಕ ತಪ್ಪಿದರೂ ಆಸಾಮಿಯ ಹಠ ತಪ್ಪುವುದಿಲ್ಲ. ಮೊದಲು ಆರ್. ಸಿ. ಬ್ರೇ ಓದಿದ್ದರು, 2020ರಲ್ಲಿ ವಿಲ್ ವೀಟನ್ ಮತ್ತೆ ಓದಿದರು. ಬ್ರೇ ದನಿಯ ಒಣ ವ್ಯಂಗ್ಯವೇ ನನಗೆ ಆ ಪಾತ್ರ. ಅದೇ ಲೇಖಕರ 'ಪ್ರಾಜೆಕ್ಟ್ ಹೇಲ್ ಮೇರಿ'ಯನ್ನಂತೂ ಪುಸ್ತಕವಾಗಿ ಓದಬೇಡಿ, ರೇ ಪೋರ್ಟರ್ ಓದಿದ್ದನ್ನು ಕೇಳಿ. ಅದರಲ್ಲಿ ಒಂದು ಪಾತ್ರ ಮಾತನಾಡುವುದು ಸ್ವರಗಳಲ್ಲಿ. ಕಾಗದದ ಮೇಲೆ ಆ ಜಾಗದಲ್ಲಿ ಸಂಗೀತದ ಚಿಹ್ನೆ ಮಾತ್ರ ಇದೆ. ಆಡಿಯೊದಲ್ಲಿ ನಿಜವಾದ ಸ್ವರಗಳಿವೆ. ಆ ಪಾತ್ರ ಯಾರೆಂದು ಹೇಳಿ ನಿಮ್ಮ ಶಾಪ ಕಟ್ಟಿಕೊಳ್ಳುವುದಿಲ್ಲ.

ಫ್ರಾಂಕ್ ಹರ್ಬರ್ಟ್ ಅವರ ಕಾದಂಬರಿ 'ಡ್ಯೂನ್' ಬಗ್ಗೆ ಎಚ್ಚರ. 2007ರ ಆವೃತ್ತಿಯಲ್ಲಿ ಕೆಲವು ಅಧ್ಯಾಯಗಳಿಗೆ ಪಾತ್ರಕ್ಕೊಬ್ಬರಂತೆ ನಟರಿದ್ದಾರೆ, ಕೆಲವಕ್ಕೆ ಸೈಮನ್ ವ್ಯಾನ್ಸ್ ಒಬ್ಬರೇ. ವ್ಯಾನ್ಸ್ ಒಳ್ಳೆಯ ಓದುಗರು. ಆದರೆ ನಿನ್ನೆ ಗುಡುಗುತ್ತಿದ್ದ ಖಳನಾಯಕ ಇವತ್ತು ಬೇರೆ ಗಂಟಲಲ್ಲಿ ಮಾತಾಡಿದರೆ ತಲೆ ಚಿಟ್ಟು ಹಿಡಿಯುತ್ತದೆ.

ಹತ್ತಾರು ನಟರು, ಹಿನ್ನೆಲೆ ಸಂಗೀತ, ಕತ್ತಿಯ ಖಣಖಣ ಎಲ್ಲ ಸೇರಿದ ನಿರ್ಮಾಣಗಳ ಬಗ್ಗೆ ನನ್ನದು ಸ್ವಲ್ಪ ಪೂರ್ವಗ್ರಹ. ನಾನು ಹೊನ್ನಾವರದ ಕಡೆಯವನು, ತಾಳಮದ್ದಳೆ ಕೇಳಿ ಬೆಳೆದವನು. ಭಾಗವತರು ಪದ ಹೇಳಿ ನಿಲ್ಲಿಸುತ್ತಾರೆ, ಪಂಚೆ ಶಾಲಿನ ಅರ್ಥಧಾರಿ ಕುಳಿತಲ್ಲೇ ವಾಲಿಯಾಗುತ್ತಾರೆ. ಕಿರೀಟವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ, ಬಾಣ ಬಿದ್ದ ಮೇಲೆ ರಾಮನನ್ನು ತಡೆದು ಪ್ರಶ್ನೆ ಕೇಳುವ ಮಾತು ಮಾತ್ರ. ಜಮಖಾನೆಯ ತುದಿಯಲ್ಲಿ ತೂಕಡಿಸುತ್ತ ಅದನ್ನು ಕೇಳಿದ ಹುಡುಗನಿಗೆ ಕಪಿರಾಜ ಕಾಣಿಸಿದ್ದಾನೆ. ಹಾಗಿರುವಾಗ ಪಾತ್ರ ಬಾಗಿಲು ತೆರೆದಳು ಎಂದ ತಕ್ಷಣ ಬಾಗಿಲು ಕಿರುಗುಟ್ಟುವ ಸದ್ದನ್ನೂ ಕೇಳಿಸಿದರೆ ನನ್ನನ್ನು ದಡ್ಡನೆಂದುಕೊಂಡಿದ್ದಾರೆ ಅನ್ನಿಸುತ್ತದೆ. ಪುಸ್ತಕವೇ ಹಲವು ಬಾಯಿಗಳದ್ದಾದರೆ ಮಾತು ಬೇರೆ. ಮ್ಯಾಕ್ಸ್ ಬ್ರೂಕ್ಸ್ ಅವರ 'ವರ್ಲ್ಡ್ ವಾರ್ ಝಡ್' ಎದ್ದು ಓಡಾಡುವ ಹೆಣಗಳ ವಿರುದ್ಧ ನಡೆದ ಯುದ್ಧದಲ್ಲಿ ಬದುಕುಳಿದವರ ಸಂದರ್ಶನಗಳ ಸಂಗ್ರಹದಂತೆ ಬರೆದ ಕಾದಂಬರಿ. ಅಲ್ಲಿ ಅಲನ್ ಆಲ್ಡಾ, ಮಾರ್ಕ್ ಹ್ಯಾಮಿಲ್ ಮುಂತಾದವರು ಒಬ್ಬೊಬ್ಬರಾಗಿ ಬಂದು ಸಾಕ್ಷಿ ಹೇಳುವುದು ನ್ಯಾಯವಾಗಿದೆ. ಅದರ ಸಂಕ್ಷಿಪ್ತ ಆವೃತ್ತಿಯನ್ನು ಬಿಟ್ಟು 2013ರ ದೊಡ್ಡ ಆವೃತ್ತಿಯನ್ನೇ ಹುಡುಕಿ. ಡಗ್ಲಸ್ ಆಡಮ್ಸ್ ಅವರ 'ಹಿಚ್‌ಹೈಕರ್ಸ್ ಗೈಡ್' ಕೂಡ ಹಾಗೆಯೇ. ಅದು 1978ರಲ್ಲಿ ಬಿಬಿಸಿ ರೇಡಿಯೊ ನಾಟಕವಾಗಿ ಹುಟ್ಟಿತು, ಪುಸ್ತಕವಾದದ್ದು ಮರುವರ್ಷ.

ಇನ್ನು ಹಾರರ್. ನನ್ನ ಪ್ರೀತಿಯೆಲ್ಲ ಇಲ್ಲಿದೆ.

ಭಯದ ಕಥೆ ಓದುವಾಗ ಕಣ್ಣು ಕಳ್ಳ. ಬಾಗಿಲಿನ ಹಿಡಿ ತಿರುಗುತ್ತಿದೆ ಎಂಬ ಸಾಲು ಬಂದೊಡನೆ ಅದು ನಮಗೆ ಹೇಳದೆ ಪುಟದ ಕೆಳತುದಿಗೆ ಜಾರಿ, ಯಾರು ಉಳಿದರು, ಯಾರು ಸತ್ತರು ಎಂದು ನೋಡಿಕೊಂಡು ವಾಪಸು ಬರುತ್ತದೆ. ಆಮೇಲೆ ನಾವು ಧೈರ್ಯವಂತರಂತೆ ಓದುತ್ತೇವೆ. ಕಿವಿಗೆ ಈ ಕಳ್ಳದಾರಿ ಇಲ್ಲ. ಹಿಡಿ ಎಷ್ಟು ನಿಧಾನವಾಗಿ ತಿರುಗಬೇಕೆಂದು ಓದುವವರು ತೀರ್ಮಾನಿಸುತ್ತಾರೆ. ಅದಕ್ಕೇ ಬೇರೆ ಪುಸ್ತಕಗಳನ್ನು ಒಂದೂಕಾಲು ಪಟ್ಟು ವೇಗದಲ್ಲಿ ಕೇಳುವ ನಾನು ಹಾರರ್‌ಗೆ ಆ ಗುಂಡಿಯನ್ನು ಮುಟ್ಟುವುದಿಲ್ಲ.

ಈ ಜಾತಿಯ ಕಥೆಗಳಲ್ಲಿ ಕೆಲವು ಮೊದಲಿನಿಂದಲೂ ಕಿವಿಗೆಂದೇ ಹುಟ್ಟಿದವು. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ವಿದ್ವಾಂಸ ಎಂ. ಆರ್. ಜೇಮ್ಸ್ ಕ್ರಿಸ್‌ಮಸ್ ಸಮಯದಲ್ಲಿ ಗೆಳೆಯರನ್ನು ಕೂರಿಸಿಕೊಂಡು ಮೇಣದಬತ್ತಿಯ ಬೆಳಕಿನಲ್ಲಿ ತಮ್ಮ ದೆವ್ವದ ಕಥೆಗಳನ್ನು ಓದಿ ಹೇಳುತ್ತಿದ್ದರು. ಮೊದಲ ಸಂಕಲನ ಬಂದದ್ದು 1904ರಲ್ಲಿ. ಹಳೆಯ ಚರ್ಚು, ಹಸ್ತಪ್ರತಿ, ಗ್ರಂಥಾಲಯದ ಪಟ್ಟಿ ಎಂದು ಕಾಲು ಗಂಟೆ ಪ್ರೊಫೆಸರರ ಪಾಠದಂತೆ ಸಾಗುತ್ತದೆ. ನಮ್ಮ ಗಮನ ಚೂರು ಸಡಿಲಾದಾಗ, ದನಿ ಒಂದಿಷ್ಟೂ ಏರದೆ, ಕತ್ತಲಲ್ಲಿ ಚಾಚಿದ ಕೈಗೆ ಏನೋ ತಗುಲಿತು ಎನ್ನುವ ಒಂದೇ ವಾಕ್ಯ. ಇವು ಹಕ್ಕುಸ್ವಾಮ್ಯದಿಂದ ಹೊರಬಂದ ಕಥೆಗಳಾದ್ದರಿಂದ ಲಿಬ್ರಿವಾಕ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ. 2005ರಿಂದ ಸ್ವಯಂಸೇವಕರು ಓದಿ ಕಟ್ಟಿದ ಭಂಡಾರ ಅದು. ಹಣ ಕೊಡುವ ಮೊದಲು ಕಿವಿ ಪಳಗಿಸಿಕೊಳ್ಳಲು ಒಳ್ಳೆಯ ಜಾಗ.

ಶರ್ಲಿ ಜಾಕ್ಸನ್ ಅವರ 1959ರ 'ದಿ ಹಾಂಟಿಂಗ್ ಆಫ್ ಹಿಲ್ ಹೌಸ್' ಅನ್ನು ಬರ್ನಡೆಟ್ ಡನ್ ಓದಿದ್ದಾರೆ. ಒಂದು ರಾತ್ರಿ ಪಾತ್ರೆ ತೊಳೆಯುತ್ತ ಅದನ್ನು ಕೇಳುತ್ತಿದ್ದೆ. ರಾತ್ರಿಯಲ್ಲಿ ಏನೋ ಒಂದು ಹಜಾರದುದ್ದಕ್ಕೂ ಬಾಗಿಲುಗಳನ್ನು ಬಡಿಯುತ್ತ ಬರುವ ಭಾಗ. ಬಡಿತದ ಸದ್ದನ್ನು ಯಾರೂ ಕೇಳಿಸುವುದಿಲ್ಲ, ಬಡಿಯಿತು ಎಂದು ಹೇಳುವುದಷ್ಟೇ. ಸ್ವಲ್ಪ ಹೊತ್ತಿನ ಮೇಲೆ ನೋಡಿಕೊಂಡರೆ ಸೋಪಿನ ಕೈಯಲ್ಲಿ ಸುಮ್ಮನೆ ನಿಂತಿದ್ದೇನೆ, ನಲ್ಲಿಯನ್ನು ಯಾವಾಗಲೋ ನಿಲ್ಲಿಸಿದ್ದೇನೆ. ನೀರಿನ ಸದ್ದಿನಲ್ಲಿ ನಮ್ಮ ಬಾಗಿಲ ಸದ್ದು ಕೇಳದೆ ಹೋದರೆ ಎಂದು ಕೈಯೇ ನಿರ್ಧರಿಸಿತ್ತು.

ಕೇಳಿದ್ದು ಓದಿದ ಲೆಕ್ಕವೆ ಎಂಬ ಎರಡನೆಯ ಪ್ರಶ್ನೆಗೆ ನಾನು ವಾದ ಮಾಡುವುದಿಲ್ಲ. ಬದಲಿಗೆ ಬ್ರಾಮ್ ಸ್ಟೋಕರ್ ಅವರ 'ಡ್ರಾಕುಲಾ' ತೋರಿಸುತ್ತೇನೆ. 1897ರ ಆ ಕಾದಂಬರಿ ಪೂರ್ತಿ ದಿನಚರಿ, ಪತ್ರ, ತಂತಿಸುದ್ದಿಗಳ ಕಂತೆ. ಅದರಲ್ಲಿ ಡಾಕ್ಟರ್ ಸೆವರ್ಡ್ ತನ್ನ ದಿನಚರಿಯನ್ನು ಬರೆಯುವುದಿಲ್ಲ. ಫೋನೋಗ್ರಾಫಿನಲ್ಲಿ, ಮೇಣದ ಕೊಳವೆಗಳ ಮೇಲೆ, ಮಾತಾಡಿ ಇಡುತ್ತಾನೆ. ತಿಂಗಳುಗಟ್ಟಲೆ ಹಾಗೆ ದಾಖಲಿಸಿದ ಮೇಲೆ, ಯಾವುದೋ ಒಂದು ಭಾಗ ಬೇಕೆಂದರೆ ಅದನ್ನು ಹುಡುಕುವುದು ಹೇಗೆಂದು ತಾನು ಯೋಚಿಸಿಯೇ ಇರಲಿಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಮೊಬೈಲಿನಲ್ಲಿ ಕಳೆದುಹೋದ ಅಧ್ಯಾಯವನ್ನು ಹಿಂದಕ್ಕೂ ಮುಂದಕ್ಕೂ ಎಳೆದು ಹುಡುಕುವಾಗಲೆಲ್ಲ ನನಗೆ ಈ ಡಾಕ್ಟರ್ ನೆನಪಾಗುತ್ತಾನೆ. ಕಾದಂಬರಿಯ ನಾಯಕಿ ಮೀನಾ ಆ ಕೊಳವೆಗಳನ್ನು ಕೂತು ಕೇಳುತ್ತಾಳೆ, ಅತ್ತು ಕೆಂಪಾದ ಕಣ್ಣುಗಳಲ್ಲಿ ಬರುತ್ತಾಳೆ. ಈ ಯಂತ್ರ ಕ್ರೂರವೆನ್ನುವಷ್ಟು ನಿಜ ಹೇಳುತ್ತದೆ, ನಿಮ್ಮ ಎದೆಯ ನೋವು ದನಿಯಲ್ಲೇ ಇದೆ, ಇನ್ನೊಬ್ಬರು ಇದನ್ನು ಕೇಳಬಾರದು ಎಂದು ಹೇಳಿ ಎಲ್ಲವನ್ನೂ ಟೈಪ್ ಮಾಡಿಬಿಡುತ್ತಾಳೆ. ಅಂದರೆ ನಾವು ಪುಸ್ತಕದಲ್ಲಿ ಓದುವುದು ಅವಳು ದನಿ ತೆಗೆದುಹಾಕಿದ ಪ್ರತಿಯನ್ನು.

2012ರಲ್ಲಿ ಬಂದ ಒಂದು ಆಡಿಯೊಬುಕ್ಕಿನಲ್ಲಿ ಪ್ರತಿ ದಿನಚರಿಗೂ ಒಬ್ಬೊಬ್ಬ ನಟರಿದ್ದಾರೆ. ಸೆವರ್ಡ್‌ನ ಭಾಗ ಓದಿದವರು ಅಲನ್ ಕಮಿಂಗ್. 'ಪಿರನೇಸಿ' ಮುಗಿದ ಮೇಲೆ ಅದನ್ನು ಹಾಕಿಕೊಳ್ಳಿ. ಮೀನಾ ಯಾರೂ ಕೇಳಬಾರದೆಂದು ಬಯಸಿದ್ದ ದನಿಯನ್ನೇ ಕೇಳುತ್ತೀರಿ.