ವಾರಕ್ಕೊಂದು ದಿನದ ಗುಳಿಗೆ: ಗಂಗಾವತಿಯ ಓದುಗರಿಗೆ ಉತ್ತರ

ಗಂಗಾವತಿಯಿಂದ ಬರೆದ ಅಕ್ಕಾರಿಗೆ ನಮಸ್ಕಾರ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗೆ ಗೊತ್ತಾಗಲಿ ಎಂದು ನಿಮ್ಮ ಪತ್ರದ ವಿಷಯವನ್ನಷ್ಟೇ ಹೇಳುತ್ತೇನೆ. ಬೆಳಗ್ಗೆ ಎದ್ದರೆ ಎರಡು ತಾಸು ಬೆರಳು ಮಡಚಲು ಬರುವುದಿಲ್ಲ, ರೊಟ್ಟಿ ಬಡಿಯುವುದು ಬಿಟ್ಟು ಆರು ತಿಂಗಳಾಯಿತು, ಬಳ್ಳಾರಿಯ ಡಾಕ್ಟರು ರುಮಟಾಯ್ಡ್ ಸಂಧಿವಾತ ಎಂದು ಹೇಳಿ ಮೆಥೊಟ್ರೆಕ್ಸೇಟ್ 10 ಮಿಲಿಗ್ರಾಂ ವಾರಕ್ಕೆ ಒಂದು ದಿನ ತಿನ್ನಲು ಬರೆದುಕೊಟ್ಟರು, ಆದರೆ ಪಕ್ಕದ ಮನೆಯವರು "ಅದು ಕ್ಯಾನ್ಸರಿನ ಗುಳಿಗೆ" ಅಂದದ್ದೇ ತಡ, ಸ್ಟ್ರಿಪ್ಪು ಕಪಾಟು ಸೇರಿತು. ತಿಂದವರ ಅನುಭವ ಒಂದಿಷ್ಟು ಅಚ್ಚು ಹಾಕಿ, ಓದಿ ತೀರ್ಮಾನ ಮಾಡುತ್ತೇನೆ ಎನ್ನುತ್ತೀರಿ.

ಪಕ್ಕದ ಮನೆಯವರು ಸುಳ್ಳು ಹೇಳಿಲ್ಲ, ಅರ್ಧ ಹೇಳಿದ್ದಾರೆ. ಕೆಲವು ಕ್ಯಾನ್ಸರಿಗೆ ಇದೇ ಔಷಧವನ್ನು ಗ್ರಾಂ ಲೆಕ್ಕದಲ್ಲಿ ನರಕ್ಕೆ ಏರಿಸುತ್ತಾರೆ. ನಿಮಗೆ ಬರೆದದ್ದು ಒಂದು ಗ್ರಾಮಿನ ನೂರನೇ ಪಾಲು, ಅದೂ ಏಳು ದಿನಕ್ಕೊಮ್ಮೆ. ಈ ರೋಗದಲ್ಲಿ ಮೈ ಕಾಯಬೇಕಾದ ಪಡೆಯೇ ತಿರುಗಿ ಕೀಲಿನ ಮೇಲೆ ಬೀಳುತ್ತದೆ, ಸಣ್ಣ ಡೋಸು ಅದನ್ನು ತಣ್ಣಗೆ ಮಾಡುತ್ತದೆ. ಅಮೆರಿಕದಲ್ಲಿ ಸಂಧಿವಾತಕ್ಕೆಂದೇ 1988ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಈಗಲೂ ಸಾಮಾನ್ಯವಾಗಿ ಮೊದಲು ಬರೆಯುವ ಔಷಧ ಇದೇ. ಅಂದಹಾಗೆ, ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಈ ಜಾತಿಯ ಔಷಧಗಳಿಗೆ ದಾರಿ ಮಾಡಿದವರು ಯಲ್ಲಾಪ್ರಗಡ ಸುಬ್ಬರಾವ್, 1895ರಲ್ಲಿ ಆಂಧ್ರದ ಗೋದಾವರಿ ಸೀಮೆಯ ಭೀಮಾವರಂನಲ್ಲಿ ಹುಟ್ಟಿದವರು. ನಿಮ್ಮ ಸುತ್ತಲಿನ ಕ್ಯಾಂಪುಗಳಲ್ಲಿ ಆ ಸೀಮೆಯಿಂದ ಬಂದು ನೆಲೆಸಿದವರು ಇದ್ದಾರಲ್ಲ, ಅವರಿಗೆ ಹೇಳಿ ನೋಡಿ, ಖುಷಿಪಡುತ್ತಾರೆ.

ಇನ್ನು ಅನುಭವದ ಮಾತು. ಅಂಥ ಪತ್ರಗಳು ನನ್ನ ಮೇಜಿನ ಮೇಲೆ ಇವೆ. ಒಬ್ಬರಿಗೆ ಮರುದಿನವೆಲ್ಲ ಓಕರಿಕೆ, ಒಬ್ಬರಿಗೆ ಬಾಚಣಿಗೆ ತುಂಬ ಕೂದಲು, ಇನ್ನೊಬ್ಬರು ಮೂರು ವಾರ ತಿಂದು ಗುಣ ಕಾಣಲಿಲ್ಲ ಎಂದು ಬಿಟ್ಟೇಬಿಟ್ಟರು. ಈ ಗುಳಿಗೆ ಕೆಲಸ ತೋರಿಸಲು ಆರರಿಂದ ಹನ್ನೆರಡು ವಾರ ಬೇಕು, ಅಲ್ವಾ? ಮೂರು ವಾರದ ಅನುಭವ ಹಾಕಿದರೆ ಇನ್ನೂ ಹತ್ತು ಮಂದಿ ಬಿಡುತ್ತಾರೆ. ಗುಣವಾದವರು ನಮಗೆ ಪತ್ರ ಬರೆಯುವುದೇ ಇಲ್ಲ, ಅವರು ನಾಟಿಗೆ ಹೋಗಿರುತ್ತಾರೆ. ಹಾಗಾಗಿ ತಿನ್ನಬೇಕೋ ಬೇಡವೋ ಎಂಬುದಕ್ಕೆ ಈ ಪತ್ರಗಳನ್ನು ನಾನು ಹಾಕುವುದಿಲ್ಲ. ಹೇಗೆ ತಿನ್ನಬೇಕು ಎಂಬುದಕ್ಕೆ ಮಾತ್ರ ಕೆಲಸಕ್ಕೆ ಬರುತ್ತವೆ. ರಾತ್ರಿ ಊಟದ ಮೇಲೆ ತಿಂದರೆ ಓಕರಿಕೆ ನಿದ್ದೆಯಲ್ಲೇ ಕಳೆಯುತ್ತದೆ ಎಂದು ರಾಯಚೂರಿನವರೊಬ್ಬರು ಬರೆದಿದ್ದಾರೆ. ಕೊಪ್ಪಳ ಕಡೆಯ ಒಬ್ಬ ಅಜ್ಜಿ ಸಂತೆಯ ದಿನವನ್ನೇ ಗುಳಿಗೆಯ ದಿನ ಮಾಡಿಕೊಂಡಿದ್ದಾರೆ. ಸಂತೆ ಯಾರಿಗೂ ಮರೆಯುವುದಿಲ್ಲ.

ದಿನದ ಬಗ್ಗೆ ಇಷ್ಟೊಂದು ಹೇಳುವುದಕ್ಕೆ ಕಾರಣ ನಮ್ಮ ದೊಡ್ಡವ್ವ. ಚೀಟಿಯಲ್ಲಿ ವಾರಕ್ಕೊಮ್ಮೆ ಎಂದೇ ಇತ್ತು, ಅಂಗಡಿಯಲ್ಲಿ ಕವರಿನ ಮೇಲೆ ಬರೀ "ರಾತ್ರಿ" ಅಂತ ಬರೆದುಕೊಟ್ಟರು, ಓದು ಬಾರದ ದೊಡ್ಡವ್ವ ಮೊಮ್ಮಗನ ಕೈಲಿ ಕವರು ಓದಿಸಿ ದಿನಾ ರಾತ್ರಿ ತಿಂದಳು. ಎಂಟನೇ ದಿನಕ್ಕೆ ಬಾಯಿ ತುಂಬ ಹುಣ್ಣು, ನೀರು ಕುಡಿದರೂ ಉರಿ, ಜ್ವರ. ದವಾಖಾನೆಗೆ ಹೊತ್ತುಕೊಂಡು ಹೋದೆವು. ರಕ್ತದ ಬಿಳಿ ಕಣ ಕುಸಿದಿದ್ದವು. ಈ ಔಷಧದ ವಿಷ ಇಳಿಸುವ ಫೋಲಿನಿಕ್ ಆಸಿಡ್ ಸೂಜಿ ಮಾಡಿ ಉಳಿಸಿದರು. ಇಂಥ ತಪ್ಪಿನಿಂದ ಜೀವ ಹೋದವರೂ ಇದ್ದಾರೆ. ಡೋಸು ಸಣ್ಣದಾಗುವುದು ವಾರಕ್ಕೊಮ್ಮೆ ತಿಂದರೆ ಮಾತ್ರ, ಗುಳಿಗೆ ಸಣ್ಣದಿದೆ ಎಂದಲ್ಲ. ಅಡ್ಡಪರಿಣಾಮ ತಗ್ಗಿಸಲು ಇದರ ಜೊತೆ ಕೊಡುವ ಫೋಲಿಕ್ ಆಸಿಡ್ ಎಂಬ ವಿಟಮಿನ್ ಕೂಡ ಎಷ್ಟೋ ಸಲ ಇಷ್ಟೇ ಸಣ್ಣ ಹಳದಿ ಗುಳಿಗೆ. ಎರಡನ್ನೂ ಒಂದೇ ಡಬ್ಬಿಗೆ ಹಾಕಬೇಡಿ. ವಾರದ ಯಾವ ದಿನ ಎಂದು ಡಾಕ್ಟರ ಕೈಲೇ ಚೀಟಿ ಮೇಲೆ ಬರೆಸಿಕೊಳ್ಳಿ.

ರಕ್ತ, ಲಿವರ್, ಕಿಡ್ನಿ ಪರೀಕ್ಷೆಗೆ ಹೇಳಿದ ದಿನ ತಪ್ಪಿಸಬೇಡಿ, ಮೈ ಚೆನ್ನಾಗಿದ್ದರೂ ಸರಿ. ಉರಿಮೂತ್ರಕ್ಕೆ ಯಾರಾದರೂ ಕೋಟ್ರೈಮಾಕ್ಸಜೋಲ್ ಎಂಬ ಆಂಟಿಬಯೋಟಿಕ್ ಕೊಡಲು ಬಂದರೆ ಈ ಗುಳಿಗೆಯ ಹೆಸರು ಮೊದಲು ಹೇಳಿ, ಎರಡೂ ಸೇರಿದರೆ ಬಹಳ ಅಪಾಯ. ನಮ್ಮ ಬೇಸಿಗೆಯಲ್ಲಿ ವಾಂತಿ ಭೇದಿಯಾಗಿ ಮೈಯ ನೀರು ಇಂಗಿದರೆ ಕಿಡ್ನಿಯು ಈ ಔಷಧವನ್ನು ಬೇಗ ಹೊರಹಾಕುವುದಿಲ್ಲ, ಅಂಥ ವಾರ ಡಾಕ್ಟರಿಗೆ ಫೋನ್ ಮಾಡದೆ ತಿನ್ನಬೇಡಿ. ಬಸುರಿಯರು, ಮಗು ಬೇಕೆಂದಿರುವವರು ಇದನ್ನು ಮುಟ್ಟುವ ಹಾಗೇ ಇಲ್ಲ. ನಿಮಗೆ ಇದು ಸರಿಯೇ ಎಂದು ಹೇಳಬೇಕಾದವರು ನಾನಲ್ಲ, ಬರೆದುಕೊಟ್ಟ ಡಾಕ್ಟರು. ಕಪಾಟಿನ ಸ್ಟ್ರಿಪ್ಪು ತೆಗೆದುಕೊಂಡು ಮತ್ತೊಮ್ಮೆ ಅವರ ಬಳಿ ಹೋಗಿ, ಪಕ್ಕದ ಮನೆಯವರ ಮಾತನ್ನೂ ಸೇರಿಸಿ ಎಲ್ಲ ಕೇಳಿ.

ಪತ್ರದ ಕೊನೆಗೆ, ಮತ್ತೆ ರೊಟ್ಟಿ ಬಡಿಯಲು ಬರುತ್ತದಾ ಎಂದು ಕೇಳಿದ್ದೀರಿ. ದೊಡ್ಡವ್ವನಿಗೆ ಡಾಕ್ಟರು ಎರಡು ತಿಂಗಳು ಬಿಟ್ಟು, ಕಮ್ಮಿ ಡೋಸಿನಿಂದ ಮತ್ತೆ ಶುರು ಮಾಡಿದರು. ಈಗ ಪ್ರತಿ ಸೋಮವಾರ ತಿನ್ನುತ್ತಾಳೆ. ದಿನಕ್ಕೆ ಆರೋ ಏಳೋ ರೊಟ್ಟಿ ಬಡಿಯುತ್ತಾಳೆ, ಮೊದಲು ಇಪ್ಪತ್ತೈದು ಬಡಿಯುತ್ತಿದ್ದಳು.