ಸ್ಲ್ಯಾಪ್ ಮಾಡುವಾಗ ಬೇಡದ ತಂತಿಗಳನ್ನು ಸುಮ್ಮನಿರಿಸುವುದು ಹೇಗೆ?

ಪ್ರಶ್ನೆ: ನಾನು ನಾಲ್ಕು ತಂತಿಯ ಬೇಸ್ ಗಿಟಾರ್ ನುಡಿಸುತ್ತೇನೆ. ಬೆರಳಿನಲ್ಲಿ ಮೀಟುವಾಗ ತೊಂದರೆ ಇಲ್ಲ. ಸ್ಲ್ಯಾಪ್ (ಹೆಬ್ಬೆರಳಿನಿಂದ ತಂತಿಗೆ ಹೊಡೆದು ನುಡಿಸುವುದು) ಶುರು ಮಾಡಿದ ಕೂಡಲೇ ಮುಟ್ಟದ ತಂತಿಗಳೂ ಗುಂಯ್ ಅನ್ನುತ್ತವೆ. ಆಕ್ಟೇವ್ (ಒಂದು ಸ್ವರ, ಮೇಲಿನ ಸ್ಥಾಯಿಯಲ್ಲಿ ಮತ್ತೆ ಅದೇ ಸ್ವರ) ನುಡಿಸುವಾಗ ಇನ್ನೂ ಜಾಸ್ತಿ. ನನ್ನ ಹೆಬ್ಬೆರಳಿನ ಹೊಡೆತ ಸರಿಯಿಲ್ಲವೇ? ನಟ್ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಹತ್ತಿರ ಹೇರ್ ಬ್ಯಾಂಡ್ ಸುತ್ತಿದರೆ ಸಾಕಾ?

ಉತ್ತರ: ನಿಮ್ಮ ಹೆಬ್ಬೆರಳನ್ನು ಬೈಯಬೇಡಿ. ಕೊರತೆ ಇರುವುದು ಎಡಗೈಯಲ್ಲಿ.

ಬೆರಳಿನಲ್ಲಿ ಮೀಟುವಾಗ ಬಲಗೈ ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಒರಗಿರುತ್ತದೆ. ನೀವು ಯೋಚಿಸದೆಯೇ ಅದು ಆ ತಂತಿಗಳನ್ನು ತಡೆದಿರುತ್ತದೆ. ಸ್ಲ್ಯಾಪ್‌ನಲ್ಲಿ ಅದೇ ಹೆಬ್ಬೆರಳು ಗಾಳಿಯಲ್ಲಿ ಓಡಾಡುತ್ತದೆ. ತಡೆಯುವ ಕೆಲಸಕ್ಕೆ ಯಾರೂ ಉಳಿಯಲಿಲ್ಲ ಅಲ್ವಾ? ಆ ಕೆಲಸ ಎಡಗೈಗೆ ಬರಬೇಕು. ಅದೂ ಸದ್ದು ಬಂದ ಮೇಲೆ ಅಲ್ಲ, ಹೊಡೆತ ಬೀಳುವ ಮೊದಲೇ ಬೆರಳುಗಳು ಆ ತಂತಿಗಳ ಮೇಲೆ ಮಲಗಿರಬೇಕು.

ಆಕ್ಟೇವ್‌ನಲ್ಲಿ ಜಾಸ್ತಿ ಆಗುವುದಕ್ಕೆ ಸ್ಪಷ್ಟ ಕಾರಣವಿದೆ. ನಾಲ್ಕು ತಂತಿಗಳು ದಪ್ಪದಿಂದ ತೆಳುವಿನ ಕಡೆಗೆ ಇ, ಎ, ಡಿ, ಜಿ; ಫ್ರೆಟ್ ಅಂದರೆ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ. ಇ ತಂತಿಯ 3ನೇ ಫ್ರೆಟ್‌ನಲ್ಲಿ ಸಿಗುವುದು ಜಿ ಸ್ವರ, ಸುಮಾರು 49 ಹರ್ಟ್ಜ್. ಡಿ ತಂತಿಯ 5ನೇ ಫ್ರೆಟ್‌ನಲ್ಲಿ ಅದರ ಆಕ್ಟೇವ್, 98 ಹರ್ಟ್ಜ್. ಖಾಲಿ ಬಿಟ್ಟ ಜಿ ತಂತಿಯ ಸ್ವರವೂ ಅದೇ 98. ಹಾಗಾಗಿ ನೀವು ಡಿ ತಂತಿಯನ್ನು ಪಾಪ್ ಮಾಡಿದಾಗ, ಅಂದರೆ ಬೆರಳಿನಿಂದ ಸೆಳೆದು ಬಿಟ್ಟಾಗ, ಪಕ್ಕದ ಜಿ ತಂತಿ ತಾನಾಗಿಯೇ ಕಂಪಿಸುತ್ತದೆ. ಇ ತಂತಿಯ ಜಿ ಸ್ವರವನ್ನು ಸ್ಲ್ಯಾಪ್ ಮಾಡಿದರೂ ಅಷ್ಟೇ, ಅದರೊಳಗೂ 98ರ ಕಂಪನ ಇರುತ್ತದೆ. ಆ ತಂತಿಯನ್ನು ಯಾರೂ ಮುಟ್ಟದಿದ್ದರೂ ಅದು ಹಾಡುತ್ತದೆ.

ಈಗ ಅದೇ ಆಕ್ಟೇವ್ ಹಿಡಿಯಿರಿ. ತೋರುಬೆರಳು ಇ ತಂತಿಯ 3ನೇ ಫ್ರೆಟ್‌ನಲ್ಲಿ, ಕಿರುಬೆರಳು ಡಿ ತಂತಿಯ 5ರಲ್ಲಿ. ಬೆರಳುಗಳನ್ನು ಕಮಾನಿನಂತೆ ಎತ್ತಿ ಹಿಡಿಯುವ ಅಭ್ಯಾಸ ಇದ್ದರೆ ಇಲ್ಲಿ ಬಿಟ್ಟುಬಿಡಿ. ತೋರುಬೆರಳನ್ನು ಚಪ್ಪಟೆ ಮಾಡಿ. ತುದಿ ಇ ತಂತಿಯನ್ನು ಒತ್ತಲಿ, ಬೆರಳಿನ ಉಳಿದ ಭಾಗ ಎ ತಂತಿಗೆ ಸುಮ್ನೆ ತಾಗಿರಲಿ. ಕಿರುಬೆರಳೂ ಹಾಗೆಯೇ, ತುದಿ ಡಿ ಮೇಲೆ, ಹೊಟ್ಟೆ ಜಿ ಮೇಲೆ. ಒತ್ತಬೇಡಿ, ತಾಗಿದರೆ ಸಾಕು. ನಾಲ್ಕು ತಂತಿಗಳಲ್ಲಿ ಎರಡು ಮಾತ್ರ ನುಡಿಯಲು ಉಳಿದವು.

ಎ ತಂತಿಯಲ್ಲಿ ಸ್ವರ ಒತ್ತಿದಾಗ ಇ ತಂತಿ ಬಿಟ್ಟುಹೋಗುತ್ತದೆ. ಹೆಬ್ಬೆರಳು ಅದಕ್ಕೂ ತಗಲುವ ಸಾಧ್ಯತೆ ಇರುವುದರಿಂದ ಇದು ಮುಖ್ಯ. ತೋರುಬೆರಳಿನ ತುದಿಯನ್ನು ಸ್ವಲ್ಪ ಮುಂದೆ ತಳ್ಳಿ ಇ ತಂತಿಯ ಬದಿಗೆ ತಾಗಿಸಿ. ಮೊದಮೊದಲು ಕೈ ಒಪ್ಪುವುದಿಲ್ಲ, ಆಮೇಲೆ ಅದೇ ಸಹಜ ಅನ್ನಿಸುತ್ತದೆ. ಜಿ ತಂತಿಯನ್ನು ಪಾಪ್ ಮಾಡುವಾಗ ಮಾತ್ರ ಬಲಗೈಯ ನೆರವು ಪಡೆಯಿರಿ. ಹೆಬ್ಬೆರಳಿನ ಬುಡದ ದಪ್ಪ ಭಾಗವನ್ನು ಇ ಮತ್ತು ಎ ತಂತಿಗಳ ಮೇಲೆ ಇಳಿಬಿಟ್ಟರೆ ಅವು ಸುಮ್ಮನಾಗುತ್ತವೆ.

ಇ ತಂತಿಯನ್ನು ಖಾಲಿ ಹೊಡೆಯುವಾಗ ಎಡಗೈಗೆ ಒತ್ತುವ ಕೆಲಸ ಇಲ್ಲ ಎಂದು ಅದನ್ನು ಎತ್ತಿಬಿಡುವವರು ಬಹಳ. ಅದು ತಪ್ಪು. ಬೆರಳುಗಳನ್ನು ಉಳಿದ ಮೂರು ತಂತಿಗಳ ಮೇಲೆ ಮಲಗಿಸಿ. ಒಂದೇ ಬೆರಳು ಬೇಡ, ಎರಡು ಮೂರು ಇರಲಿ. 5, 7 ಅಥವಾ 12ನೇ ಫ್ರೆಟ್‌ನ ಮೇಲೆ ಒಂದೇ ಬೆರಳು ತಾಗಿದರೆ ತಂತಿ ನಿಲ್ಲುವ ಬದಲು ಗಂಟೆಯಂತಹ ಹಾರ್ಮೋನಿಕ್ ಕೊಡುತ್ತದೆ.

ಇನ್ನೊಂದು ಕಳ್ಳ ಸದ್ದು ಬರುವುದು ಬೆರಳು ಎತ್ತುವಾಗ. ಸ್ವರ ಮುಗಿಯಿತೆಂದು ಬೆರಳನ್ನು ಸರಕ್ಕನೆ ಕಿತ್ತರೆ ಖಾಲಿ ತಂತಿ ಮೊಳಗುತ್ತದೆ. ಮೊದಲು ಒತ್ತಡ ಬಿಡಿ, ಬೆರಳು ತಂತಿಯ ಮೇಲೇ ಇರಲಿ. ಸದ್ದು ಸತ್ತ ಮೇಲೆ ಜಾಗ ಬದಲಿಸಿ. ಸ್ಲ್ಯಾಪ್ ಶೈಲಿಗೆ ಹೆಸರು ತಂದ ಲ್ಯಾರಿ ಗ್ರಹಾಂ, ತಾಯಿಯ ಜೊತೆ ಡ್ರಮ್ಮರ್ ಇಲ್ಲದೆ ನುಡಿಸುವಾಗ ಹೆಬ್ಬೆರಳಿನಲ್ಲಿ ಬೇಸ್ ಡ್ರಮ್ಮಿನ, ತಂತಿ ಸೆಳೆದು ಸ್ನೇರ್‌ನ ಕೆಲಸ ಮಾಡಿದವರು. ಡ್ರಮ್ಮಿನ ಪೆಟ್ಟು ಬಿದ್ದಷ್ಟೇ ಬೇಗ ಮುಗಿಯುತ್ತದೆ. ಸ್ಲ್ಯಾಪ್‌ನಲ್ಲೂ ಸ್ವರ ಎಲ್ಲಿ ನಿಲ್ಲುತ್ತದೆ ಅನ್ನುವುದು ಎಲ್ಲಿ ಶುರುವಾಗುತ್ತದೆ ಅನ್ನುವಷ್ಟೇ ಮುಖ್ಯ, ಅದಕ್ಕೇ ನಾನು ಇದಕ್ಕೆ ಇಷ್ಟು ಒತ್ತು ಕೊಡುತ್ತಿದ್ದೇನೆ.

ಯಾವ ತಂತಿ ತಪ್ಪು ಮಾಡುತ್ತಿದೆ ಎಂದು ತಿಳಿಯಲು ಸುಲಭದ ದಾರಿ ಇದೆ. ಒಂದು ಸ್ವರ ಹೊಡೆಯಿರಿ, ಆ ತಂತಿಯನ್ನು ಮಾತ್ರ ನಿಲ್ಲಿಸಿ, ಕೇಳಿ. ಇನ್ನೂ ಏನಾದರೂ ಮೊಳಗುತ್ತಿದ್ದರೆ ತಂತಿಗಳನ್ನು ಒಂದೊಂದಾಗಿ ಮುಟ್ಟುತ್ತಾ ಹೋಗಿ. ಯಾವುದನ್ನು ಮುಟ್ಟಿದಾಗ ಸದ್ದು ನಿಂತಿತೋ ಅದೇ. ಮೆಟ್ರೊನೋಮ್ 60ಕ್ಕೆ ಇಟ್ಟು, ಒಂದು ಬೀಟ್ ಹೊಡೆತ, ಒಂದು ಬೀಟ್ ಪೂರ್ತಿ ಮೌನ, ಹೀಗೆ ಅಭ್ಯಾಸ ಮಾಡಿ. ಆಂಪ್ ಅಥವಾ ಹೆಡ್‌ಫೋನ್ ಹಾಕಿಕೊಂಡೇ ಮಾಡಿ. ಬರೀ ವಾದ್ಯದ ಸದ್ದಿನಲ್ಲಿ ಸಣ್ಣ ಗುಂಯ್ ಕಿವಿಗೆ ಬೀಳುವುದೇ ಇಲ್ಲ.

ಹೇರ್ ಬ್ಯಾಂಡ್ ವಿಷಯ. ರೆಕಾರ್ಡಿಂಗ್‌ನಲ್ಲಿ, ಖಾಲಿ ತಂತಿಗಳೇ ಬೇಡದ ಕಡೆ, ಧಾರಾಳವಾಗಿ ಬಳಸಿ. ಆದರೆ ಸ್ಲ್ಯಾಪ್‌ನಲ್ಲಿ ಖಾಲಿ ಇ ತಂತಿ ಪದೇ ಪದೇ ಬೇಕಾಗುತ್ತದೆ, ಬ್ಯಾಂಡ್ ಅದನ್ನೂ ಉಸಿರುಗಟ್ಟಿಸುತ್ತದೆ. ಕಲಿಯುವಾಗ ಬೇಡ ಅನ್ನುವುದು ನನ್ನ ಸಲಹೆ, ಕೈಯ ತಪ್ಪು ಕಿವಿಗೆ ಕೇಳಿಸಬೇಕು. ಕಂಪ್ರೆಸರ್ ಇದ್ದರೆ ಅಭ್ಯಾಸದ ಹೊತ್ತಿನಲ್ಲಿ ಅದನ್ನೂ ಆರಿಸಿಡಿ. ಅದು ಜೋರು ಹೊಡೆತವನ್ನು ತಗ್ಗಿಸಿ ಒಟ್ಟು ಮಟ್ಟವನ್ನು ಏರಿಸುತ್ತದೆ, ಹಾಗಾಗಿ ಉಳಿದ ತಂತಿಗಳ ಸಣ್ಣ ಸದ್ದೂ ದೊಡ್ಡದಾಗಿ ಕೇಳುತ್ತದೆ. ನಿಮ್ಮ ಕೈ ನಿಜಕ್ಕೂ ಎಷ್ಟು ಸುಧಾರಿಸಿದೆ ಎಂದು ಆಗ ಗೊತ್ತಾಗುವುದಿಲ್ಲ.