ಕೆಮ್ಮಿದರೆ ಸೋರುತ್ತದೆ ಎಂದು ಬರೆದ ಅಕ್ಕನಿಗೆ

ಪ್ರೀತಿಯ ಅಕ್ಕ,

ಹೆಸರು, ಊರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ನಿಮ್ಮ ತೂಕ 104 ಕಿಲೋ, ಎರಡು ನಾರ್ಮಲ್ ಹೆರಿಗೆ ಆಗಿದೆ. ಕೆಮ್ಮಿದರೆ, ಸೀನಿದರೆ, ಕೊಡ ಎತ್ತಿದರೆ ಮೂತ್ರ ಸೋರುತ್ತದೆ. ಶುಗರ್ ಜಾಸ್ತಿ ಇರುವುದರಿಂದ ಡಾಕ್ಟರು ಬೇರಿಯಾಟ್ರಿಕ್ ಸರ್ಜರಿ, ಅಂದರೆ ತೂಕ ಇಳಿಸುವ ಆಪರೇಷನ್, ಮಾಡಿಸಿಕೊಳ್ಳಿ ಅಂದಿದ್ದಾರೆ. ‘ಅದು ಮಾಡಿಸಿದರೆ ಇದೂ ನಿಲ್ಲುತ್ತಾ? ಇಲ್ಲ, ಅತ್ತೆ ಹೇಳುವ ಹಾಗೆ ಗರ್ಭಕೋಶ ತೆಗೆಸಿಬಿಡಲಾ?’ ಎಂದು ಕೇಳಿದ್ದೀರಿ.

ಅತ್ತೆಯವರ ಮಾತಿಗೆ ಮೊದಲು ಉತ್ತರ. ಸೋರುವುದಕ್ಕೆ ಗರ್ಭಕೋಶ ತೆಗೆಸುವುದು ಮದ್ದೇ ಅಲ್ಲ. ದಯವಿಟ್ಟು ಇದಕ್ಕೋಸ್ಕರ ತೆಗೆಸಬೇಡಿ. ಸ್ವೀಡನ್ನಿನಲ್ಲಿ ಲಕ್ಷಾಂತರ ಹೆಂಗಸರ ದಾಖಲೆ ನೋಡಿ 2007ರಲ್ಲಿ ಒಂದು ಅಧ್ಯಯನ ಬಂತು. ಗರ್ಭಕೋಶ ತೆಗೆಸಿಕೊಂಡವರಿಗೆ ಮುಂದೆ ಸೋರುವುದಕ್ಕೇ ಆಪರೇಷನ್ ಬೇಕಾಗುವ ಸಾಧ್ಯತೆ ಎರಡು ಪಟ್ಟಿಗಿಂತ ಜಾಸ್ತಿ ಇತ್ತು. ನಮ್ಮ ಕಡೆ ಬಿಳಿಸೆರಗು, ಸೊಂಟನೋವು ಅಂತ ಹೋದವರಿಗೂ ‘ತೆಗೆಸಿಬಿಡಿ’ ಅನ್ನುವುದು ಎಷ್ಟು ಸಲೀಸಾಗಿದೆ ನೋಡಿ. ನನಗೆ ಸಂಕಟವಾಗುತ್ತದೆ.

ಈಗ ಸರ್ಜರಿ ವಿಷಯ. ಮಗುವಿಗೆ ಸೀರೆಯಲ್ಲಿ ಜೋಲಿ ಕಟ್ಟುತ್ತೇವಲ್ಲ, ಹಾಗೆ ಕಿಬ್ಬೊಟ್ಟೆಯ ತಳದಲ್ಲಿ ಸ್ನಾಯುಗಳಿವೆ. ಮೂತ್ರಕೋಶ, ಗರ್ಭಕೋಶ, ಮಲದ್ವಾರದ ಭಾಗ ಎಲ್ಲಕ್ಕೂ ಅವೇ ಆಸರೆ. ಹೆರಿಗೆಯಲ್ಲಿ ಅವು ಸಡಿಲವಾಗಬಹುದು. ಹೊಟ್ಟೆಯ ಭಾರ ಹಗಲೂ ರಾತ್ರಿ ಅವುಗಳ ಮೇಲೆ ಒತ್ತುತ್ತದೆ. ತೂಕ ಇಳಿದರೆ ಒತ್ತಡವೂ ಇಳಿಯುತ್ತದೆ.

ಅಮೆರಿಕದಲ್ಲಿ ಈ ಸರ್ಜರಿ ಮಾಡಿಸಿಕೊಂಡ 1,500ಕ್ಕೂ ಹೆಚ್ಚು ಹೆಂಗಸರನ್ನು ಮೂರು ವರ್ಷ ಗಮನಿಸಿ 2015ರಲ್ಲಿ ವರದಿ ಕೊಟ್ಟರು. ಮೊದಲು ಸುಮಾರು ಅರ್ಧದಷ್ಟು ಜನರಿಗೆ ವಾರಕ್ಕೊಮ್ಮೆಯಾದರೂ ಸೋರುತ್ತಿತ್ತು. ವರ್ಷ ಕಳೆಯುವಷ್ಟರಲ್ಲಿ ಅದು ನೂರಕ್ಕೆ 18ಕ್ಕೆ ಇಳಿಯಿತು, ಮೂರನೇ ವರ್ಷ ಮತ್ತೆ 25ರ ಹತ್ತಿರ ಬಂತು. ಅಂದರೆ ತುಂಬಾ ಜನರಿಗೆ ಗುಣ ಕಂಡಿದೆ, ಎಲ್ಲರಿಗೂ ಅಲ್ಲ. ಗರ್ಭಕೋಶ ಈಗಾಗಲೇ ಕೆಳಗೆ ಜಾರಿದ್ದರೆ ತೂಕ ಇಳಿದ ಮಾತ್ರಕ್ಕೆ ಅದು ಮೇಲೆ ಹೋಗುವುದಿಲ್ಲ. ಆದ್ದರಿಂದ ಶುಗರ್‌ಗೆ ಬೇಕು ಅಂತಿದ್ದರೆ ಸರ್ಜರಿ ಮಾಡಿಸಿ, ಸೋರುವುದು ಕಡಿಮೆಯಾದರೆ ಅದು ಜೊತೆಗೆ ಬಂದ ಲಾಭ. ಬರೀ ಸೋರುವುದಕ್ಕಾಗಿ ಇಷ್ಟು ದೊಡ್ಡ ಆಪರೇಷನ್ ಬೇಡ. ಆಮೇಲೆ ಜೀವನಪೂರ್ತಿ ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ತಪ್ಪುವುದಿಲ್ಲ.

ಸ್ವಲ್ಪ ಇಳಿದರೂ ಸಾಕು ಅನ್ನುವುದಕ್ಕೂ ಪುರಾವೆ ಇದೆ. 2009ರ ಇನ್ನೊಂದು ಅಧ್ಯಯನದಲ್ಲಿ ಊಟ, ವ್ಯಾಯಾಮದಿಂದ ಆರು ತಿಂಗಳಲ್ಲಿ ಸರಾಸರಿ 8 ಕಿಲೋದಷ್ಟು ಇಳಿಸಿದವರಲ್ಲಿ ಸೋರುವುದು ಹೆಚ್ಚುಕಡಿಮೆ ಅರ್ಧ ಆಯಿತು.

ಇವತ್ತೇ ಶುರು ಮಾಡಬಹುದಾದ್ದು ಒಂದಿದೆ, ಆ ತಳದ ಸ್ನಾಯುಗಳನ್ನು ಗಟ್ಟಿ ಮಾಡುವ ಕೀಗಲ್ ವ್ಯಾಯಾಮ. ಕುರ್ಚಿಯಲ್ಲಿ ಆರಾಮಾಗಿ ಕೂತುಕೊಳ್ಳಿ. ನಾಲ್ಕು ಜನರ ನಡುವೆ ಗ್ಯಾಸ್ ಬರುವ ಹಾಗಾದಾಗ ತಡೆಯುತ್ತೀರಲ್ಲ, ಹಾಗೆ ಒಳಗೆ, ಮೇಲಕ್ಕೆ ಎಳೆದುಕೊಳ್ಳಿ. ಐದು ಎಣಿಸಿ, ಪೂರ್ತಿ ಬಿಡಿ. ಒಂದು ಸಲಕ್ಕೆ ಎಂಟು ಹತ್ತು ಬಾರಿ, ದಿನಕ್ಕೆ ಮೂರು ಸಲ. ಉಸಿರು ಕಟ್ಟಬಾರದು, ಪೃಷ್ಠ ಬಿಗಿಯಬಾರದು. ಮೂತ್ರ ಮಾಡುವಾಗ ಮಧ್ಯೆ ತಡೆದು ಅಭ್ಯಾಸ ಮಾಡಬೇಡಿ. ಮೂರು ತಿಂಗಳಾದರೂ ಬಿಡದೆ ಮಾಡಿ. ಸರಿಯಾಗಿ ಆಗುತ್ತಿದೆಯಾ ಗೊತ್ತಾಗದಿದ್ದರೆ ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ಹೋಗಿ.

ಮದುವೆಮನೆಗೆ ಹೋಗುವ ದಿನ ಬೆಳಗ್ಗೆಯಿಂದ ನೀರೇ ಕುಡಿಯುವುದಿಲ್ಲ ಅಂತ ಬರೆದಿದ್ದೀರಿ. ಅಕ್ಕ, ಅದು ಬೇಡ. ನೀರು ಕಡಿಮೆಯಾದರೆ ಮಲ ಗಟ್ಟಿಯಾಗುತ್ತದೆ, ತಿಣುಕಬೇಕಾಗುತ್ತದೆ, ಅದೇ ಸ್ನಾಯುಗಳಿಗೆ ಮತ್ತೆ ಪೆಟ್ಟು. ಪ್ಯಾಡ್ ಹಾಕಿಕೊಂಡು ಹೋಗಿ ಬನ್ನಿ, ನಾಚಿಕೆ ಯಾಕೆ?

ಸರ್ಜರಿಗೆ ಮುಂಚೆ ಸ್ತ್ರೀರೋಗ ತಜ್ಞರಿಗೂ ಒಮ್ಮೆ ತೋರಿಸಿ, ಗರ್ಭಕೋಶ ಜಾರಿದೆಯಾ ಅಂತ ಕೇಳಿ. ಉರಿ ಇದ್ದರೆ, ಮೂತ್ರದಲ್ಲಿ ರಕ್ತ ಕಂಡರೆ ಮಾತ್ರ ಕಾಯಬೇಡಿ, ಅವತ್ತೇ ಹೋಗಿ.

– ಸಂಪಾದಕಿ